ಸದಾರಮೆಯ ಹಲವು ದನಿಗಳು
(ಬಾನುಲಿ ಭಾಷಣ)

ನ್ಯೂಯಾರ್ಕ್, ಲಂಡನ್ ಮೊದಲಾದ ನಗರಗಳಲ್ಲಿ ಸಂಗೀತನಾಟಕದ ರಸಿಕರಿಗೆ ಬಲು ಪ್ರಿಯವಾದ ವಾದವೊಂದುಂಟು. ಹಿಂದೊಮ್ಮೆ ಹೆಸರು ಪಡೆದ ನಾಟಕವನ್ನು ಹಲವು ವರ್ಷಗಳ ಅನಂತರ ಮತ್ತೆ ರಂಗಕ್ಕೆ ತಂದಾಗ, ಹೊಸ ನಟವರ್ಗದವರು ಅದೇ ಹಾಡುಗಳನ್ನು ಮತ್ತೊಮ್ಮೆ ಧ್ವನಿಮುದ್ರಿಸುತ್ತಾರೆ. ಹಳೆಯ ಮುದ್ರಿಕೆ ಮೇಲೋ ಹೊಸದು ಮೇಲೋ ಎಂಬ ಜಿಜ್ಞಾಸೆ ಆಗ ಮೊದಲಾಗುತ್ತದೆ. ೧೯೪೩ರಲ್ಲಿ ‘ಓಕ್ಲಹೋಮ’ ನಾಟಕದ ನಟರನ್ನೂ ವಾದ್ಯಮೇಳವನ್ನೂ ಒಟ್ಟಾಗಿ ಕೂಡಿಸಿ ಹಾಡುಗಳನ್ನು ಪ್ಲೇಟುಗಳ ಒಂದು ಕಟ್ಟಾಗಿ ಹೊರತಂದಾಗ ದೊರೆತ ಯಶಸ್ಸಿನಿಂದ ಈ ಪದ್ಧತಿ ಅಲ್ಲಿ ನೆಲೆಯೂರಿತು. ‘ಮೈ ಫೇರ್ ಲೇಡಿ’ಯದಂತೂ ಇನ್ನೂ ಸ್ವಾರಸ್ಯದ ಸಂಗತಿ. ೧೯೫೬ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದ ಮುಖ್ಯ ನಟರೇ ೧೯೫೯ರಲ್ಲಿ ಲಂಡನ್ನಿನಲ್ಲಿ, ಆಗತಾನೆ ಬಳಕೆಗೆ ಬಂದಿದ್ದ ಸ್ಟೀರಿಯೋ ವಿಧಾನದಲ್ಲಿ, ಅವೇ ಹಾಡುಗಳನ್ನು ಎರಡನೆಯ ಸಲ ಹಾಡಿದರು. ನಟರು ಅವರೇ, ಹಾಡೂ ಅದೇ. ನಡುವೆ ಸರಿದದ್ದು ಮೂರು ವರ್ಷ ಮಾತ್ರ. ಆದರೂ ಎರಡರಲ್ಲಿ ಒಂದನ್ನು ಆರಿಸಿಕೊಂಡು ಹಟ ಹಿಡಿಯುವವರು ಇದ್ದಾರೆ. ಪಾತ್ರ ಹೊಸದಾಗಿದ್ದಾಗಿನ ಉತ್ಸಾಹ ಒಂದರಲ್ಲಿದ್ದರೆ, ನೂರಾರು ಸಲ ಆಡಿದ ಮೇಲಿನ ಪಳಗಿಕೆ ಇನ್ನೊಂದರಲ್ಲಿದೆ. ವಾದ ಬಗೆಹರಿಯುವುದಾದರೂ ಹೇಗೆ!

ಕನ್ನಡ ರಂಗಭೂಮಿಯನ್ನು ಕುರಿತು ಇಂಥ ವಾದವನ್ನು ಹೂಡಬಹುದೆ? ಹೂಡಬಹುದೆಂದೇ ನನ್ನ ನಂಬಿಕೆ. ಆದರೆ ನಮ್ಮ ಕಂಪನಿಗಳು ಒಂದು ನಾಟಕದ ಎಲ್ಲ ಹಾಡುಗಳನ್ನು ಕಟ್ಟಾಗಿ ಮುದ್ರಿಸುವ ರೂಢಿಯನ್ನು ಇಟ್ಟುಕೊಂಡಿರಲಿಲ್ಲ. ನಮಗೆ ಉಳಿದಿರುವುದು ಅಲ್ಲೊಂದು ಪ್ಲೇಟು, ಇಲ್ಲೊಂದು ಧ್ವನಿಸುರುಳಿ, ಯಾರದೋ ಮನೆಯ ಅಟ್ಟದ ಪೆಟ್ಟಿಗೆ. ಚೂರುಗಳನ್ನು ಜೋಡಿಸಿಯೇ ಹೋಲಿಕೆ ನಡೆಸಬೇಕು. ಈ ಕೆಲಸಕ್ಕೆ ನಾನು ಆರಿಸಿಕೊಂಡಿರುವ ನಾಟಕ ‘ಸದಾರಮೆ’.

ಈ ಆಯ್ಕೆಗೆ ಊರಿನ ಅಭಿಮಾನವೂ ಕಾರಣವೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಚನ್ನರಾಯನದುರ್ಗದ ಸೀಮೆ. ಮಧುಗಿರಿ, ಪಾವಗಡಗಳಂತೆಯೇ ಕೋಟೆಬೆಟ್ಟದ ಬುಡದಲ್ಲಿ ಬೆಳೆದ ಊರು. ನಾಟಕವನ್ನು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳ ಬೆಳ್ಳಾವಿ, ಅದನ್ನು ನಾಡಿಗೆಲ್ಲ ತೋರಿಸಿದ ಕಂಪನಿಯ ಗುಬ್ಬಿ, ಎರಡೂ ನಮಗೆ ನೆರೆಯ ಊರುಗಳೇ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು ೧೮೮೪ರಲ್ಲಿ. ಎಳೆಯ ಹುಡುಗನಾಗಿದ್ದಾಗಲೇ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು; ೧೯೭೨ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅವರ ಹೆಸರೂ ಕಂಪನಿಯ ಹೆಸರೂ ಬೇರೆಬೇರೆಯಾಗಿ ಉಳಿದಿರಲಿಲ್ಲ. ನಗುವ ಪಾತ್ರಗಳಲ್ಲಿ ಅವರಿಗಿದ್ದ ಸಿದ್ಧಿಗಾಗಿ ‘ವರ್ಸಟೈಲ್ ಕಮೆಡಿಯನ್’ ಎಂಬ ಇಂಗ್ಲಿಷ್ ಬಿರುದೇ ಅವರಿಗೆ ಅಂಟಿಕೊಂಡಿತ್ತು. ‘ಸದಾರಮೆ’ಯಲ್ಲಿ ಅವರು ವಹಿಸುತ್ತಿದ್ದದ್ದು ಕಳ್ಳನ ಪಾತ್ರ.

ಕಥೆ ಬಹುಮಂದಿಗೆ ತಿಳಿದದ್ದೇ. ಸೆಟ್ಟಿಯ ಮಗಳೊಬ್ಬಳನ್ನು ರಾಜಕುಮಾರ ಮೆಚ್ಚಿ ಮದುವೆಯಾಗುತ್ತಾನೆ, ರಾಜ್ಯ ಕೈಬಿಡುತ್ತದೆ, ಗಂಡಹೆಂಡಿರು ಅಗಲುತ್ತಾರೆ, ಹೆಂಡತಿ ಕಳ್ಳನ ಕೈಗೆ ಸಿಕ್ಕಿ ಉಪಾಯದಿಂದ ಪಾರಾಗಿ, ಗಂಡುವೇಷ ತೊಟ್ಟು, ಕೊನೆಗೆ ಗಂಡನನ್ನು ಸೇರುತ್ತಾಳೆ. ಪುರಾಣದ ದೇವತೆಗಳಿಲ್ಲದ, ಅಂಗಡಿ, ಜಿಪುಣತನ, ಕಳ್ಳತನಗಳ ನಡುವೆ ನಡೆಯುವ ಈ ಕಥೆಯಲ್ಲಿ ನಾಯಕನಿಗಿಂತ ನಾಯಿಕೆ ಬುದ್ಧಿವಂತೆ. ಜನ ಇದನ್ನು ಮತ್ತೆ ಮತ್ತೆ ನೋಡಿದ್ದಕ್ಕೆ ಇದೊಂದು ಕಾರಣ, ಹಾಡುಗಳು ಮತ್ತೊಂದು.

ಇನ್ನು ಪ್ಲೇಟುಗಳ ವಿಚಾರ. ಗ್ರಾಮಫೋನು ನಮ್ಮ ದೇಶಕ್ಕೆ ಹಾಡನ್ನು ಹಿಡಿಯಲು ಬಂದದ್ದು ೧೯೦೨ರಲ್ಲಿ, ಕಲ್ಕತ್ತೆಗೆ. ಅಂದು ಹಾಡಿದವರಲ್ಲಿ ಗೋಹರ್ ಜಾನ್ ಪ್ರಮುಖರು. ಮುಂದೆ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದನ್ನು ಕೇಳಿ ನಗುವವರುಂಟು. ಅದು ಜಂಬವಲ್ಲ. ಅಚ್ಚನ್ನು ಜರ್ಮನಿಗೆ ಕಳುಹಿಸಿ ಪ್ಲೇಟು ಮಾಡಿಸಬೇಕಾಗಿದ್ದ ಕಾಲದಲ್ಲಿ, ಯಾವ ಹಾಡಿಗೆ ಯಾವ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಮಾಡಿಕೊಂಡಿದ್ದ ಏರ್ಪಾಡು.

ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು ಹಿಡಿಯುತ್ತಿತ್ತು. ರಂಗದ ಮೇಲೆ ನಟ ಅದೇ ಹಾಡನ್ನು ಕಾಲುಗಂಟೆ ಹಾಡಬಹುದಾಗಿತ್ತು. ‘ಒನ್ಸ್ ಮೋರ್’ ಬಂದರೆ ಅರ್ಧಗಂಟೆಯೂ ಆಗುತ್ತಿತ್ತು. ಮೂರು ನಿಮಿಷಕ್ಕೆ ಇಳಿಸಬೇಕಾದಾಗ ಏನನ್ನು ಬಿಡಬೇಕು? ಆಲಾಪನೆಯನ್ನು ಬಿಟ್ಟರು, ಸಾಲನ್ನು ತಿರುತಿರುಗಿ ಬೇರೆಬೇರೆ ಭಾವದಲ್ಲಿ ಹೇಳುವುದನ್ನು ಬಿಟ್ಟರು, ಎಲ್ಲಕ್ಕಿಂತ ಮುಖ್ಯವಾಗಿ ತಾಳವಿಲ್ಲದೆ ರಾಗದಲ್ಲಿ ಹೇಳುವ ಕಂದವನ್ನೂ ವೃತ್ತವನ್ನೂ ಬಿಟ್ಟರು. ಕಂಪನಿಯ ನಟನಿಗೆ ಕಂದವೇ ಒರೆಗಲ್ಲು. ಎ. ವಿ. ವರದಾಚಾರ್ಯರ ಕೀರ್ತಿಯನ್ನು ನೆನೆಯುವವರು ಇಂದಿಗೂ ಅವರು ಕಂದಪದ್ಯಗಳನ್ನು ಹೇಳುತ್ತಿದ್ದ ರೀತಿಯನ್ನೇ ಮೊದಲು ಎತ್ತುತ್ತಾರೆ. ಪ್ಲೇಟಿಗೆ ಒಗ್ಗಿದ್ದು ಪಲ್ಲವಿ, ಎರಡು ಚರಣ, ಚುರುಕಾದ ತಾಳದ ಮಟ್ಟು. ಆದ್ದರಿಂದ ‘ನಾಟಕದ ಹಾಡು’ ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವ ಆ ಓಡುನಡೆಯ ಮಟ್ಟಿನಲ್ಲಿ ರಂಗಭೂಮಿಯ ಪಾಲೆಷ್ಟು, ಮೂರು ನಿಮಿಷದ ಪ್ಲೇಟಿನ ಪಾಲೆಷ್ಟು ಎಂಬುದನ್ನು ಯೋಚಿಸಿಯೇ ಹೇಳಬೇಕು.

ಮತ್ತೊಂದು ಸೂಕ್ಷ್ಮವಿದೆ. ೧೯೨೫ರವರೆಗೆ ಮುದ್ರಣಕ್ಕೆ ಮೈಕು ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಕಹಳೆಯ ತುದಿಯ ಸೂಜಿ ಮೇಣದ ಮೇಲೆ ಗೀರುತ್ತದೆ. ಮೆಲುದನಿ ಅದಕ್ಕೆ ಕೇಳಿಸದು. ಇದು ಎಷ್ಟೋ ಗಾಯಕರಿಗೆ ಹಿಂಸೆಯಾಗಿದ್ದಿರಬೇಕು. ಕಂಪನಿಯ ನಟರಿಗೆ ಮಾತ್ರ ಇದೇನೂ ಹೊಸದಲ್ಲ. ಸಾವಿರ ಜನ ಕುಳಿತ ತಗಡಿನ ಥಿಯೇಟರಿನಲ್ಲಿ ಕೊನೆಯ ನೆಲದ ಸಾಲಿಗೂ ಮಾತು ಮುಟ್ಟುವಂತೆ ನಾಲ್ಕು ಐದು ಮನೆಯ ಶ್ರುತಿಯಲ್ಲಿ ಹಾಡಿ ರೂಢಿಯಾದವರಿಗೆ ಕಹಳೆ ಎಂದರೆ ಇನ್ನೊಂದು ಥಿಯೇಟರು, ಅಷ್ಟೆ. ವಿದ್ಯುತ್ತಿನ ಮೈಕು ಬಂದಾಗ ಜಗತ್ತಿನ ಹಾಡುಗಾರಿಕೆಯೇ ಮೆತ್ತಗಾಯಿತು. ನಮ್ಮ ರಂಗದ ದನಿ ಮಾತ್ರ ಇನ್ನೂ ಹಲವು ವರ್ಷ ಕಹಳೆಯ ಕಾಲದಲ್ಲಿಯೇ ನಿಂತಿತ್ತು. ಆ ಹಳೆಯ ಪ್ಲೇಟುಗಳನ್ನು ಇಂದು ಕೇಳುವ ಎಳೆಯರಿಗೆ ‘ಇವರೇಕೆ ಇಷ್ಟು ಕಿರುಚುತ್ತಾರೆ’ ಎನ್ನಿಸುವುದು ಸಹಜ. ಕಿರುಚುವುದಲ್ಲ, ದೂರಕ್ಕೆ ಕರೆಯುವುದು ಎಂದು ಅವರಿಗೆ ನಾನು ಹೇಳುವುದುಂಟು. ಹೊಲದ ಆಚೆ ಬದಿಯಲ್ಲಿರುವವನನ್ನು ಕರೆದ ಅನುಭವವಿದ್ದವರಿಗೆ ಇದು ತಟ್ಟನೆ ತಿಳಿಯುತ್ತದೆ.

೧೯೩೫ರಲ್ಲಿ ‘ಸದಾರಮೆ’ ಚಲನಚಿತ್ರವಾಯಿತು. ಅದರ ಹಿಂದಿನ ವರ್ಷ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದಕ್ಕೂ ಮಾತು, ಹಾಡುಗಳನ್ನು ಒದಗಿಸಿದವರು ನರಹರಿಶಾಸ್ತ್ರಿಗಳೇ. ‘ಸದಾರಮೆ’ಯಲ್ಲಿ ವೀರಣ್ಣನವರೂ ಕೆ. ಅಶ್ವತ್ಥಮ್ಮನವರೂ ಅಭಿನಯಿಸಿದರು. ಎರಡು ವರ್ಷಗಳ ಅನಂತರ ಅಶ್ವತ್ಥಮ್ಮನವರು ತಮಿಳಿನ ‘ಚಿಂತಾಮಣಿ’ಯಲ್ಲಿ ತ್ಯಾಗರಾಜ ಭಾಗವತರ್ ಅವರಿಗೆ ಎದುರಾಗಿ ನಟಿಸಿದರು, ಆ ಚಿತ್ರದ ಜಯಭೇರಿ ತಮಿಳುನಾಡಿನಲ್ಲಿ ಇಂದಿಗೂ ದಂತಕಥೆ. ಹಿನ್ನೆಲೆ ಗಾಯನ ಇನ್ನೂ ಬಳಕೆಗೆ ಬಂದಿರದ ಆ ದಿನಗಳಲ್ಲಿ ಹಾಡಬಲ್ಲವರೇ ನಟಿಸಬೇಕಾಗಿತ್ತು. ಕಂಪನಿಯ ಕಲಾವಿದೆಗೆ ಚಿತ್ರರಂಗದಲ್ಲಿ ಬೆಲೆ ಬಂದದ್ದು ಈ ಕಾರಣದಿಂದ. ೧೯೫೬ರಲ್ಲಿ ಕು. ರಾ. ಸೀತಾರಾಮಶಾಸ್ತ್ರಿಗಳ ನಿರ್ದೇಶನದಲ್ಲಿ ಮತ್ತೊಂದು ‘ಸದಾರಮೆ’ ಬರುವ ವೇಳೆಗೆ ಆ ನಿರ್ಬಂಧ ಕಳಚಿತ್ತು. ಮುಖ ಒಬ್ಬರದು, ಕಂಠ ಒಬ್ಬರದು. ಇನಿದಾಗಿದ್ದರೂ ಅದು ಬೇರೆಯ ಕಲೆ. ನಮ್ಮ ಹೋಲಿಕೆಯಲ್ಲಿ ಅದನ್ನು ಪಕ್ಕಕ್ಕಿಡುವುದೇ ನ್ಯಾಯ.

ಇದಿಷ್ಟು ಪೇಟೆಯ ಸಂಗತಿ. ನನ್ನಲ್ಲಿರುವ ಮೂರನೆಯ ಮುದ್ರಿಕೆಯ ಬಗೆಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅದನ್ನು ಮುದ್ರಿಕೆಯೆಂದು ವಿದ್ವಾಂಸರಾರೂ ಎಣಿಸುವುದಿಲ್ಲ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕದ ಕಾಲ. ಹೆಚ್ಚಾಗಿ ಆಡುವುದು ‘ಕುರುಕ್ಷೇತ್ರ’. ‘ಸದಾರಮೆ’ ಆಡುವ ಊರುಗಳು ಕಡಮೆ, ಆದರೂ ಇವೆ. ಹಾರ್ಮೋನಿಯಂ ಮೇಷ್ಟ್ರು ಎರಡು ಮೂರು ತಿಂಗಳು ಊರಿನಲ್ಲಿ ಬೀಡುಬಿಟ್ಟು, ರಾತ್ರಿ ಊಟವಾದ ಮೇಲೆ ಗುಡಿಯ ಅಂಗಳದಲ್ಲಿಯೋ ಶಾಲೆಯ ಜಗಲಿಯಲ್ಲಿಯೋ ಹಾಡು ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟೆಂದು ವಂತಿಗೆ; ದುರ್ಯೋಧನನಾಗುವವನು ಹೆಚ್ಚು ತೆರಬೇಕು, ದ್ವಾರಪಾಲಕನಿಗೆ ಸಲೀಸು. ಸೀನರಿ, ಉಡುಪು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು ಬರುತ್ತಾರೆ. ಅವರು ಬರುವುದು ಆಟದ ದಿನವೇ. ಅಲ್ಲಿಯವರೆಗೆ ನಮ್ಮೂರ ನಾಯಕ ಗೋಡೆಯನ್ನೇ ಸದಾರಮೆಯೆಂದು ಭಾವಿಸಿ ಯುಗಳಗೀತೆ ಕಲಿತಿರುತ್ತಾನೆ.

ಇಂಥ ಒಂದು ರಾತ್ರಿಯನ್ನು ಯಾರೋ ಟೇಪ್ ರೆಕಾರ್ಡರನ್ನು ಸ್ಪೀಕರಿನ ಮುಂದಿಟ್ಟು ಹಿಡಿದ ಧ್ವನಿಸುರುಳಿ ನನ್ನ ಬಳಿ ಇದೆ. ತೊಂಬತ್ತು ನಿಮಿಷದ ಆರು ಸುರುಳಿಗಳು. ಮಗ್ಗುಲು ತಿರುಗಿಸುವ ಹೊತ್ತಿನಲ್ಲಿ ಕಥೆಯ ಎಷ್ಟೋ ಸಂಗತಿಗಳು ಕಳೆದುಹೋಗಿವೆ. ನಾಯಿ ಬೊಗಳುತ್ತದೆ, ಮಗು ಅಳುತ್ತದೆ, ಕಡಲೆಕಾಯಿ ಮಾರುವವನ ಕೂಗೂ ಉಂಟು. ನಾಯಕ ವಿರಹದಲ್ಲಿ ಉಸಿರೆಳೆದುಕೊಳ್ಳುತ್ತಿರುವಾಗಲೇ ಮೈಕಿನಲ್ಲಿ ಇಂಥವರ ಅಳಿಯಂದಿರಿಂದ ಪಾತ್ರಧಾರಿಗೆ ಐವತ್ತೊಂದು ರೂಪಾಯಿ ಎಂಬ ಪ್ರಕಟಣೆ, ಅದಕ್ಕೆ ನಾಯಕನ ಕೃತಜ್ಞತೆ, ಮತ್ತೆ ವಿರಹ. ಆತನ ಶ್ರುತಿ ಒಂದೂವರೆ ಮನೆ, ಪಟ್ಟಣದಿಂದ ಬಂದಾಕೆಯದು ಐದು. ಯುಗಳಗೀತೆಯಲ್ಲಿ ಸಾಲು ಸಾಲಿಗೂ ಮೇಷ್ಟ್ರು ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ಆ ಜಿಗಿತದಲ್ಲಿ ಒಮ್ಮೆಯೂ ಅವರ ಬೆರಳು ತಪ್ಪುವುದಿಲ್ಲ. ನಾಯಕ ತಾಳ ಬಿಟ್ಟಾಗ ತಬಲದವನು ಆತನಿಗಾಗಿ ಕಾಯುತ್ತಾನೆ, ಎಡವಿದವನ ಕೈಹಿಡಿಯುವ ಹಾಗೆ. ಇದನ್ನೆಲ್ಲ ಯಾವ ಪ್ಲೇಟಿನಲ್ಲಿ ಕೇಳಬಲ್ಲಿರಿ?

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಎಚ್ಚರಿಸಿದ್ದು ಕಂದಗಳು. ಪ್ಲೇಟು ಕೈಬಿಟ್ಟ ಕಂದಗಳನ್ನು ಈ ಹಳ್ಳಿಯ ಸುರುಳಿ ಉಳಿಸಿಕೊಂಡಿದೆ. ಅಕ್ಷರ ಉಚ್ಚಾರಣೆಯಲ್ಲಿ ತಪ್ಪಿದೆ, ರಾಗ ಎಲ್ಲೋ ಹೊರಟು ಎಲ್ಲಿಗೋ ಸೇರುತ್ತದೆ. ಆದರೂ ಕೊನೆಯ ಸಾಲನ್ನು ಎತ್ತಿ ಹಿಡಿದು ನಿಲ್ಲಿಸಿ, ಜನರ ಸಿಳ್ಳು ಬರುವವರೆಗೆ ಬಿಡದ ಆ ಠೀವಿ ಕಂಪನಿಯದೇ. ಮೇಷ್ಟ್ರಿಗೆ ಅವರ ಮೇಷ್ಟ್ರು, ಅವರಿಗೆ ಯಾವುದೋ ಕ್ಯಾಂಪಿನಲ್ಲಿ ಕಾಲು ಹಾರ್ಮೋನಿಯಂ ತುಳಿದವರು, ಹೀಗೆ ಬಾಯಿಂದ ಬಾಯಿಗೆ ಬಂದ ಆಸ್ತಿ.

ಇನ್ನು ಪುನರುಜ್ಜೀವನದ ಮಾತು. ಕಂಪನಿ ನಾಟಕಗಳ ಸಂಗೀತವನ್ನು ಹವ್ಯಾಸಿ ರಂಗಭೂಮಿ ಬಹುಕಾಲ ಹೀಗಳೆಯಿತು. ಆ ತಿರಸ್ಕಾರವನ್ನು ಕರಗಿಸಿದವರಲ್ಲಿ ಬಿ. ವಿ. ಕಾರಂತರು ಮೊದಲಿಗರು. ಹುಡುಗನಾಗಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದವರು. ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ಓದಿದವರು. ೧೯೭೦ರ ದಶಕದಲ್ಲಿ ಅವರು ‘ಜೋಕುಮಾರಸ್ವಾಮಿ’, ‘ಹಯವದನ’, ‘ಸತ್ತವರ ನೆರಳು’ಗಳನ್ನು ಆಡಿಸಿದಾಗ ಹಾಡು ಮತ್ತೆ ರಂಗದ ನಡುವಿಗೆ ಬಂದಿತು. ಆದರೆ ಕಾರಂತರ ಹಾಡು ಬಹುಮಟ್ಟಿಗೆ ಮೇಳದ ಹಾಡು. ಕಂಪನಿಯದು ಒಬ್ಬ ನಟನ, ಒಬ್ಬ ನಟಿಯ ಹಾಡು. ಇಂದು ‘ರಂಗಗೀತೆ’ ಎಂಬ ಹೆಸರಿನಲ್ಲಿ ವೇದಿಕೆಗಳ ಮೇಲೆ ಹತ್ತು ಹದಿನೈದು ಮಂದಿ ಸಾಲಾಗಿ ನಿಂತು ಕಂಪನಿಯ ಹಾಡುಗಳನ್ನು ಒಕ್ಕೊರಲಿನಿಂದ ಹಾಡುವುದನ್ನು ಕೇಳುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಶ್ರುತಿ ಶುದ್ಧವಾಗಿದೆ, ತಾಳ ಗಟ್ಟಿಯಾಗಿದೆ; ವಿರಹ ಮಾತ್ರ ಹದಿನೈದು ಜನರಿಗೆ ಏಕಕಾಲದಲ್ಲಿ ಉಂಟಾದಂತೆ ತೋರುತ್ತದೆ.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ‘ಸದಾರಮೆ’ ಈ ಮಾತಿಗೆ ಹೊರತಾದದ್ದು. ತಾಯಿ ಜಿ. ವಿ. ಮಾಲತಮ್ಮನವರಿಂದ ಕಂಪನಿಯ ಉಸಿರನ್ನೂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಆಧುನಿಕ ಶಿಸ್ತನ್ನೂ ಪಡೆದ ಅವರು ೧೯೭೬ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದರು. ಅವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾವು ವಹಿಸಿದ್ದು ನಾಯಿಕೆಯ ಪಾತ್ರವನ್ನಲ್ಲ, ತಾತನ ಕಳ್ಳನನ್ನು. ಈ ಆಯ್ಕೆಯ ಅರ್ಥ ದೊಡ್ಡದು. ಕಂಪನಿಗಳ ಮೊದಲ ಕಾಲದಲ್ಲಿ ಗಂಡಸರು ಸೀರೆಯುಟ್ಟು ನಾಯಿಕೆಯರಾಗಿ ಹಾಡಿದರು. ಆಮೇಲೆ ಅಶ್ವತ್ಥಮ್ಮನವರಂಥ ಹೆಂಗಸರು ಬಂದು ಆ ಜಾಗವನ್ನು ತಮ್ಮದಾಗಿಸಿಕೊಂಡರು. ಕೊನೆಗೆ ಅದೇ ಮನೆತನದ ಹೆಣ್ಣುಮಗಳೊಬ್ಬಳು ಮೀಸೆ ಹಚ್ಚಿ ಕಳ್ಳನಾದಳು. ಕಥೆಯೊಳಗೆ ಸದಾರಮೆ ಗಂಡುವೇಷ ಹಾಕುತ್ತಾಳೆಂಬುದನ್ನು ನೆನೆದರೆ ಇದು ನಾಟಕದ ತಿರುಳಿಗೇ ಸೇರಿದ ಚೇಷ್ಟೆಯಂತೆ ಕಾಣುತ್ತದೆ. ಜಯಶ್ರೀಯವರದು ನುಣುಪಾದ ಕಂಠವಲ್ಲ. ಎದೆಯಿಂದ ಎದ್ದು ಬರುವ, ಮಣ್ಣು ಮೆತ್ತಿದ ದನಿ. ಮೈಕಿದ್ದರೂ ಮೈಕಿಲ್ಲದವರಂತೆ ಹಾಡುತ್ತಾರೆ. ಹಳೆಯ ಪ್ಲೇಟಿನ ಆ ‘ದೂರಕ್ಕೆ ಕರೆಯುವ’ ಗುಣ ಹೊಸ ಕಾಲದಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಇವರಲ್ಲಿ.

ಹಾಗಾದರೆ ಯಾವುದು ಮೇಲು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕನ್ನಡಿಗ ಕುಮಾರ ಗಂಧರ್ವರು. ಮರಾಠಿ ಸಂಗೀತನಾಟಕದ ಮಹಾನಟ ಬಾಲಗಂಧರ್ವರ ಹಾಡುಗಳನ್ನು ಅವರು ೧೯೬೫ರಲ್ಲಿ ಪ್ರತ್ಯೇಕ ಕಾರ್ಯಕ್ರಮವಾಗಿ ಹಾಡಿದರು. ಅವು ಧ್ವನಿಮುದ್ರಿಕೆಯಾಗಿಯೂ ಬಂದಿವೆ. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ನಾನು ಅರಿತ ಬಾಲಗಂಧರ್ವ’ ಎಂದು. ಬಾಲಗಂಧರ್ವರ ಪ್ಲೇಟುಗಳನ್ನೂ ಕುಮಾರರ ಹಾಡಿಕೆಯನ್ನೂ ಒಂದಾದ ಮೇಲೊಂದು ಕೇಳಿದರೆ ಅನುಕರಣೆ ಎಲ್ಲಿಯೂ ಸಿಗದು. ಬಾಲಗಂಧರ್ವರಲ್ಲಿ ಪಾತ್ರದ ನಾಚಿಕೆ, ಒನಪುಗಳಾಗಿದ್ದದ್ದು ಕುಮಾರರಲ್ಲಿ ಸ್ವರದ ಚಿಂತನೆಯಾಗಿ ಬದಲಾಗಿದೆ. ಆದರೂ ಮೂಲದ ಮೇಲಿನ ಗೌರವ ಪ್ರತಿ ಸ್ವರದಲ್ಲಿಯೂ ಕಾಣುತ್ತದೆ. ತಾನು ಮೂಲವನ್ನೇ ಕೊಡುತ್ತಿದ್ದೇನೆಂದು ಅವರು ಹೇಳಿಕೊಳ್ಳಲಿಲ್ಲ. ನನಗೆ ಅರಿವಾದದ್ದಿಷ್ಟು ಎಂದರು. ಜಯಶ್ರೀಯವರ ಕಳ್ಳನನ್ನೂ ನಾನು ಇದೇ ಸಾಲಿನಲ್ಲಿರಿಸುತ್ತೇನೆ. ನನ್ನ ಮತ ಕೇಳುವುದಾದರೆ, ಪುನರುಜ್ಜೀವನಗಳಲ್ಲಿ ಅದಕ್ಕೇ ಅಗ್ರಸ್ಥಾನ. ಹಾಡುಗಾರಿಕೆಯ ಕಸುವಿಗೆ ಹಳೆಯ ಪ್ಲೇಟು. ನಾಟಕದೊಳಗೆ ಹಾಡು ಹೇಗೆ ಬದುಕುತ್ತದೆಂದು ತಿಳಿಯಬೇಕೆನ್ನುವವರಿಗೆ ನಾಯಿ ಬೊಗಳುವ ಆ ಆರು ಸುರುಳಿಗಳು.

ಆದರೆ ಆ ಸುರುಳಿಗಳ ವಿಷಯದಲ್ಲಿ ಒಂದು ಅಂಜಿಕೆಯೂ ನನಗಿದೆ. ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಯ ಹುಡುಗರು ಹಾಡನ್ನು ಮೇಷ್ಟ್ರಿಂದ ಕಲಿಯುವುದಕ್ಕೆ ಮೊದಲೇ ಕೈಫೋನಿನಲ್ಲಿ ಕೇಳಿ ಕಲಿತು ಬರುತ್ತಾರೆ. ಯಾವುದೋ ಊರಿನಲ್ಲಿ ಯಾರೋ ಹಾಡಿದ್ದು. ಅದೇ ಸರಿಯಾದ ಪಾಠವೆಂದು ಅವರ ನಂಬಿಕೆ. ಆ ಹಾಡಿದವನ ಕೆಮ್ಮನ್ನೂ ಬಿಡದೆ ಒಪ್ಪಿಸುವ ಒಬ್ಬನನ್ನು ನಾನು ಕಂಡಿದ್ದೇನೆ. ಹಿಂದೆ ಮೇಷ್ಟ್ರು ಹುಡುಗನ ಕಂಠವನ್ನು ನೋಡಿ ಮಟ್ಟನ್ನು ಇಳಿಸುತ್ತಿದ್ದರು, ಉಸಿರು ಸಾಲದವನಿಗೆ ಸಾಲನ್ನು ಒಡೆದುಕೊಡುತ್ತಿದ್ದರು, ಗಟ್ಟಿಗನಾದರೆ ಒಂದು ಕಂದವನ್ನು ಹೆಚ್ಚಾಗಿ ಸೇರಿಸುತ್ತಿದ್ದರು. ಒಂದೇ ‘ಸದಾರಮೆ’ ಊರಿಗೊಂದು ರೀತಿಯಾಗುತ್ತಿದ್ದದ್ದು ಹಾಗೆ. ಮೊನ್ನೆ ಒಬ್ಬ ಹಿರಿಯ ಮೇಷ್ಟ್ರನ್ನು ಇದರ ಬಗೆಗೆ ಕೇಳಿದೆ. ಅವರು ಹಾರ್ಮೋನಿಯಂ ಮುಚ್ಚಳ ಹಾಕುತ್ತ, ‘ಫೋನಿನ ಶ್ರುತಿ ಅವನ ಗಂಟಲಿಗೆ ಸಿಗದೆ ಹೋದಾಗ ನನ್ನ ಹತ್ತಿರವೇ ಬರುತ್ತಾನಲ್ಲ ಸ್ವಾಮಿ, ಆವಾಗ ಹೇಳಿಕೊಡುತ್ತೇನೆ’ ಎಂದರು. ಈ ಸಲದ ಸುಗ್ಗಿಗೆ ಅವರಿಗೆ ಎರಡು ಊರುಗಳಿಂದ ಕರೆ ಬಂದಿದೆ, ಎರಡರಲ್ಲಿಯೂ ‘ಕುರುಕ್ಷೇತ್ರ’. ‘ಸದಾರಮೆ’ಗೆ ಕಳ್ಳ ಸಿಕ್ಕಿಲ್ಲವಂತೆ.